ಉಲ್ಲೇಖ: ನಿನ್ನ ನೀಲಿ ಆನೆ

ಮಾರ್ಚ್ ಐದು, ಬೆಳಿಗ್ಗೆ ಹತ್ತೂಕಾಲಿಗೆ ಅಜ್ಜಿಯೊಬ್ಬರು ಏಳು ವರ್ಷದ ಮೊಮ್ಮಗಳ ಕೈಹಿಡಿದು ಠಾಣೆಗೆ ಬಂದರು. ಜೈಲಿನಲ್ಲಿರುವ ಲಾರಿ ಡ್ರೈವರ್ ಅಪ್ಪನಿಗೆ ಹುಡುಗಿ ಕ್ರೆಯಾನಿನಲ್ಲಿ ವಾರಕ್ಕೊಂದು ಚಿತ್ರ ಬರೆದು, ಅದರ ಹಿಂದೆಯೇ ಪತ್ರ ಗೀಚಿ ಕಳಿಸುತ್ತಿದ್ದಳು. ತಪ್ಪದೆ ಅಪ್ಪನ ಹೆಸರಿನಲ್ಲಿ ಉತ್ತರವೂ ಬರುತ್ತಿತ್ತು. ಏಳು ತಿಂಗಳ ಮೇಲೆ ನಿನ್ನೆ ಮೊದಲ ಭೇಟಿ ಸಿಕ್ಕಿದಾಗ ಅಪ್ಪ, "ಒಂದು ಸಾಲೂ ಬರೀಲಿಲ್ಲವಲ್ಲ ಮಗಳೇ" ಎಂದಿದ್ದ.

"ಅಪ್ಪ ನನ್ನ ಚಿತ್ರ ಎಲ್ಲಾ ಮರ್ತುಬಿಟ್ರಾ?" ಎಂದು ಹುಡುಗಿ ಇನ್‌ಸ್ಪೆಕ್ಟರರನ್ನು ಕೇಳಿದಳು. ಅವರು ಎಫ್‌ಐಆರ್ ದಾಖಲಿಸಿದರು.

ಅಜ್ಜಿ ತಂದಿದ್ದ ಉತ್ತರಗಳನ್ನು ಮೇಜಿನ ಮೇಲೆ ಹರಡಿದರು. 'ನಿನ್ನ ಆನೆ ಕೆರೆಯೊಳಗೆ ಮಲಗಿದಾಗ ಮೀನುಗಳು ಸದ್ದು ಮಾಡದೆ ಓಡಾಡಲಿ' ಎಂದಿತ್ತು ಒಂದರಲ್ಲಿ. ಓದುತ್ತ ಓದುತ್ತ ಇನ್‌ಸ್ಪೆಕ್ಟರರಿಗೆ ಠಾಣೆಯ ಗದ್ದಲವೇ ದೂರವಾಯಿತು. ಫ್ಯಾನಿನ ಗಾಳಿಗೆ ಹಾಳೆಗಳು ಮೆಲ್ಲಗೆ ಏಳುತ್ತಿದ್ದವು, ಮಲಗುತ್ತಿದ್ದವು.

ಹೆಡ್ ಕಾನ್‌ಸ್ಟೇಬಲ್ ಇಣುಕಿ ನಕ್ಕರು. "ಸಾರ್, ಎಡಗಡೆ ಕಾಲು ಹಾಳೆ ಮಡಚಿ ಅಂಚು ಬಿಟ್ಟಿದಾನೆ. ಮೇಲೆ ನೋಡಿ: 'ಉಲ್ಲೇಖ: ದಿನಾಂಕ ಹನ್ನೆರಡರ ನಿನ್ನ ನೀಲಿ ಆನೆ'. ಲಾರಿ ಡ್ರೈವರ್ ಮಗಳಿಗೆ ಹೀಗೆ ಬರೀತಾನಾ? ಇದು ಗುಮಾಸ್ತನ ಕೈ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಕಚೇರಿ ಗುಣ ಅದಕ್ಕಿಂತ ಗಟ್ಟಿ."

ಜೈಲಿನಲ್ಲಿ ಕೈದಿಗಳ ಪತ್ರ ಒಡೆದು ಓದುವ ಗುಮಾಸ್ತರು ಒಬ್ಬರೇ. ಮೇಣದ ಬಣ್ಣದ ಚಿತ್ರ ಒಳಗೆ ಬಿಡುವಂತಿಲ್ಲ, ಸುಡಬೇಕೆಂಬುದು ಅಲ್ಲಿನ ನಿಯಮ. ಅವರ ರಿಜಿಸ್ಟರಿನಲ್ಲಿ ಈ ಹುಡುಗಿಯ ಹೆಸರಿನ ಮುಂದೆ 'ಸುಡಲಾಗಿದೆ' ಎಂದು ಮೂವತ್ತೊಂದು ಸಲ ಇತ್ತು.

ಸಂಜೆ ನಾಲ್ಕೂವರೆಗೆ ಗುಮಾಸ್ತರ ಬಾಡಿಗೆ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಮೂವತ್ತೊಂದು ಚಿತ್ರಗಳೂ ಗೋಡೆಯ ಮೇಲಿದ್ದವು. ಇಳಿಬಿಸಿಲಿಗೆ ಮೀನುಗಳು ಅಲ್ಲಾಡಿದಂತೆ ಕಂಡವು. ಕಾನ್‌ಸ್ಟೇಬಲ್ 'ಆನೆ, ನೀಲಿ, ಒಂದು' ಎಂದು ಬರೆದವನು ಪೆನ್ನು ಎತ್ತಿ ಮೀನುಗಳನ್ನು ಎಣಿಸತೊಡಗಿದ.

"ಯಾಕೆ ಸುಡಲಿಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

"ಕೈ ಬರಲಿಲ್ಲ ಸಾರ್."

"ಉತ್ತರ ಯಾಕೆ ಬರೆದ್ರಿ?"

"ಬರೀದಿದ್ರೆ ಮಗು ನಿಲ್ಲಿಸಿಬಿಡುತ್ತೆ."

"ಅವರಪ್ಪನಿಗೆ ಒಂದು ಮಾತು ಹೇಳಬಹುದಿತ್ತಲ್ಲ?"

ಗುಮಾಸ್ತರು ಗೋಡೆಯ ಕಡೆ ನೋಡಿದರು. "ಹೇಳಿದ್ರೆ ಇವೆಲ್ಲ ಅವನದಾಗ್ತಿತ್ತು."

ಐದು ನಲವತ್ತಕ್ಕೆ ಬಂಧನವಾಯಿತು.

ಮರುದಿನ ಇನ್‌ಸ್ಪೆಕ್ಟರ್ ಚಿತ್ರಗಳ ಜೆರಾಕ್ಸ್ ಪ್ರತಿಗಳನ್ನೂ ಆ ಉತ್ತರಗಳನ್ನೂ ಅಪ್ಪನ ಮುಂದಿಟ್ಟರು. ಜೆರಾಕ್ಸಿಗೆ ಮೇಣವಿಲ್ಲ, ನಿಯಮದ ಅಡ್ಡಿಯೂ ಇಲ್ಲ. ಅವನು ಎಲ್ಲವನ್ನೂ ಓದಿ ಕಣ್ಣೊರೆಸಿಕೊಂಡ.

"ನನಗೆ ಇಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ ಸಾರ್. ಅವಳಿಗೆ ಬೇಜಾರಾಗುತ್ತೆ."

"ಬಂದಷ್ಟು ಬರಿ."

ಅವನು ಎರಡು ಸಾಲು ಬರೆದ. ಇನ್‌ಸ್ಪೆಕ್ಟರರೇ ಅದನ್ನು ಹುಡುಗಿಗೆ ಮುಟ್ಟಿಸಿದರು.

ಕೇಸ್ ಡೈರಿಯ ಕೊನೆಯ ಪುಟ ಹೀಗಿದೆ: ಹನ್ನೊಂದು ವರ್ಷದ ಹಿಂದೆ ಆರೋಪಿಯ ಹೆಂಡತಿ ಮಗಳನ್ನು ಕರೆದುಕೊಂಡು ಊರು ಬಿಟ್ಟಿದ್ದಾರೆ. ಮಗಳಿಗೆ ಆಗ ಏಳು ವರ್ಷ. ಬಂಧನದ ವಿಷಯ ಯಾರಿಗೆ ತಿಳಿಸಬೇಕೆಂದು ಕೇಳಿದಾಗ ಆರೋಪಿ 'ಮಗಳಿಗೆ' ಎಂದರು. ವಿಳಾಸ ಕೇಳಿದ್ದಕ್ಕೆ ಗೊತ್ತಿಲ್ಲ ಎಂದರು.