ಗುಂಡಿಯೊಳಗಿನ ಬಕಾಸುರರು

“ಅಪ್ಪಾ, ನಮ್ಮ ಗುಂಡಿಯಲ್ಲಿ ಥಿನ್ನರ್ ತಿನ್ನೋರಿದ್ದಾರೆ!”

ಬ್ಯಾಗನ್ನೂ ಇಳಿಸದೆ ಮಲ್ಲಿ ಶೆಡ್ಡಿಗೆ ನುಗ್ಗಿದಳು. ಸ್ಕೂಟರ್ ಬಿಚ್ಚುತ್ತಿದ್ದ ಅಪ್ಪ ಸ್ಪ್ಯಾನರ್ ಕೆಳಗಿಟ್ಟ. ನಿದ್ದೆಯಲ್ಲಿ ಮಾತ್ರ ಬಾಯಿ ಮುಚ್ಚುವ ಹುಡುಗಿ ಅವಳು. ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಮಾತಿನಮಲ್ಲಿ.

ಶೆಡ್ಡಿನ ಹಿಂದೆ ಒಂದು ಗುಂಡಿಯಿತ್ತು. ಹಳೆ ಎಂಜಿನ್ ಆಯಿಲ್, ಬಣ್ಣ ತೊಳೆದ ಥಿನ್ನರ್, ಎಲ್ಲವನ್ನೂ ಅಪ್ಪ ವರ್ಷಗಟ್ಟಲೆ ಅದಕ್ಕೇ ಸುರಿದಿದ್ದ. ಗೋಡೆಯಾಚೆ ಕುಳ್ಳಿಯ ಮನೆಯ ಬಾವಿ. ಅದರ ನೀರು ಈಗ ಗ್ಯಾರೇಜಿನಂತೆ ನಾರುತ್ತಿತ್ತು.

ಕುಳ್ಳಿ ಎಂದರೆ ಒಂದನೇ ಕ್ಲಾಸಿನಿಂದಲೂ ಮಲ್ಲಿಯ ಪ್ರಾಣಸ್ನೇಹಿತೆ. ಈಗ ಬೀದಿ ಕೊನೆಯ ನಲ್ಲಿಯಿಂದ ಕೊಡ ಹೊರುತ್ತಾಳೆ. ಮಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ. ಎರಡು ತಿಂಗಳ ಹಿಂದೆ ಅವಳ ಅಮ್ಮ ಬಂದು ಛೀಮಾರಿ ಹಾಕಿದ ಮೇಲೆ ಅಪ್ಪ ಒಂದು ಡ್ರಮ್ ತಂದಿದ್ದ. ಕೊಳಕು ಎಣ್ಣೆ, ಥಿನ್ನರ್ ಎರಡನ್ನೂ ಅದರಲ್ಲಿ ತುಂಬಿ, ಎಣ್ಣೆ ಶುದ್ಧ ಮಾಡುವ ಕಾರ್ಖಾನೆಗೆ ಗೊಣಗುತ್ತಲೇ ಸಾಗಿಸುತ್ತಿದ್ದ.

“ಇವತ್ತು ಸೈನ್ಸ್ ಮಿಸ್ ಬೋರ್ಡ್ ಮೇಲೆ ಆರು ಮೂಲೆಯ ಉಂಗುರ ಬರೆದ್ರು,” ಎಂದಳು ಮಲ್ಲಿ. “ಥಿನ್ನರ್ ಒಳಗೆ ಅಂಥ ಉಂಗುರಗಳೇ ಇರೋದಂತೆ. ತುಂಬಾ ಗಟ್ಟಿ! ಆದ್ರೆ ಮಣ್ಣಲ್ಲಿ ಬ್ಯಾಕ್ಟೀರಿಯಾ ಇರ್ತವಲ್ಲ, ಅವು ಎಂಜೈಮ್ ಅಂತ ಮಾಡ್ಕೊಳ್ತವೆ. ಆ ಎಂಜೈಮ್ ಗಾಳಿಯ ಆಕ್ಸಿಜನ್ ಹಿಡ್ಕೊಂಡು ಉಂಗುರಕ್ಕೆ ಅಂಟಿಸುತ್ತೆ. ಆಮೇಲೆ ಉಂಗುರ ಪಟ್ ಅಂತ ಬಿಚ್ಕೊಳ್ಳುತ್ತೆ. ಅದನ್ನ ಅವು ತಿಂದು ಮುಗಿಸ್ತವೆ!”

“ತಾವಾಗೇ?”

“ಹೂಂ, ತಾವಾಗೇ!”

“ಹಾಗಾದ್ರೆ ಬಕಾಸುರನ ವಂಶದವರು ಅನ್ನು!” ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಜಗಳವಾದ ಮೇಲೆ ಅಪ್ಪ ಹೀಗೆ ನಕ್ಕದ್ದು ಇದೇ ಮೊದಲು. ಮಲ್ಲಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮುಂದಿನ ಶನಿವಾರ ಶಾಲೆ ಬೇಗ ಬಿಟ್ಟಿತು. ಶೆಡ್ಡಿನ ಹಿಂದೆ ಗುಳುಗುಳು ಸದ್ದು. ಹೋಗಿ ನೋಡಿದರೆ ಅಪ್ಪ ಕ್ಯಾನ್ ಬಗ್ಗಿಸಿ ಕೊಳಕು ಥಿನ್ನರನ್ನು ಗುಂಡಿಗೆ ಸುರಿಯುತ್ತಿದ್ದಾನೆ.

“ಅಪ್ಪಾ! ಏನ್ ಮಾಡ್ತಿದ್ದೀಯಾ?”

“ನಿನ್ನ ಬಕಾಸುರರಿಗೆ ಊಟ. ವಾರದಿಂದ ಬಡಿಸ್ತಾ ಇದ್ದೀನಿ.”

“ಡ್ರಮ್?”

“ಅದ್ಯಾಕೆ ಇನ್ನು? ನಿಮ್ಮ ಮಿಸ್ಸೇ ಹೇಳಿದ್ದಾರಲ್ಲ.”

ಮಿಸ್ ಅಂದು ಇನ್ನಷ್ಟು ಹೇಳಿದ್ದರು. ಆ ಕೆಲಸಕ್ಕೆ ವರ್ಷಗಳೇ ಬೇಕು, ಗಾಳಿಯಿಲ್ಲದ ಆಳದಲ್ಲಿ ಇನ್ನೂ ನಿಧಾನ, ಒಂದೇ ಸಲ ಜಾಸ್ತಿ ಸುರಿದರೆ ತಿನ್ನುವ ಬ್ಯಾಕ್ಟೀರಿಯಾಗಳೇ ಸಾಯುತ್ತವೆ.

“ಅಪ್ಪಾ, ಅವಕ್ಕೆ ಇಷ್ಟೆಲ್ಲ ತಿನ್ನಕ್ಕಾಗಲ್ಲ! ಸತ್ತೇ ಹೋಗ್ತವೆ!”

“ಮೊನ್ನೆ ಒಂದು ಹೇಳ್ತೀಯಾ, ಇವತ್ತು ಇನ್ನೊಂದು. ಹೋಗೇ, ಕೈಕಾಲು ತೊಳ್ಕೊ.” ಅಪ್ಪ ಕ್ಯಾನನ್ನು ಕೊನೆಯ ಹನಿಯವರೆಗೂ ಕೊಡವಿ ಒಳಗೆ ಹೋದ.

ಗೋಡೆಯ ಆಚೆ ಕುಳ್ಳಿ ನಿಂತಿದ್ದಳು. ಸೊಂಟದಲ್ಲಿ ತುಂಬಿದ ಕೊಡ.

“ಸುರೀಬಹುದು ಅಂತ ನೀನೇ ಹೇಳಿದ್ಯಾ?”

“ಸುರಿ ಅಂತ ಹೇಳ್ಲಿಲ್ಲ ಕಣೇ. ಪೂರ್ತಿ... ಪೂರ್ತಿ ಹೇಳಿರ್ಲಿಲ್ಲ.”

“ಮರೆತಿದ್ಯಾ?”

ಹೌದು ಎನ್ನಬಹುದಿತ್ತು. ಆದರೆ ಮಲ್ಲಿ ಮರೆತಿರಲಿಲ್ಲ. ಅಪ್ಪ ಮಾಡಿದ್ದು ಅಂಥಾ ದೊಡ್ಡ ತಪ್ಪೇನಲ್ಲ ಎಂದು ಯಾರಾದರೂ ಹೇಳಲಿ ಎಂದು ಅವಳು ಎರಡು ತಿಂಗಳಿಂದ ಕಾಯುತ್ತಿದ್ದಳು. ಯಾರೂ ಹೇಳದಿದ್ದಾಗ, ಕೇಳಲು ಹಿತವಾದ ಅರ್ಧವನ್ನಷ್ಟೇ ತಾನೇ ತಂದು ಹೇಳಿಬಿಟ್ಟಿದ್ದಳು.

“ಡ್ರಮ್ ಬಂದ್ಮೇಲೆ ನಮ್ಮ ಬಾವಿ ವಾಸನೆ ಸ್ವಲ್ಪ ಕಮ್ಮಿ ಆಗಿತ್ತು,” ಎಂದಳು ಕುಳ್ಳಿ. “ಇವತ್ತು ನಿನ್ನ ಮಾತಾಡ್ಸೋಣ ಅಂತಲೇ ಬಂದೆ.”

ಅವಳು ತಿರುಗಿ ನಡೆದಳು. ಮಲ್ಲಿ ಗೇಟು ದಾಟಿ ಓಡಿಹೋಗಿ ಕೊಡಕ್ಕೆ ಕೈ ಹಾಕಿದಳು. ಕುಳ್ಳಿ ಕೊಡವನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡು ಮನೆಯೊಳಗೆ ಹೋದಳು.