ಮೊದಲ ಗುಂಡಿನ ಸದ್ದು

ಧ್ರುವ ಕಾರಿನಿಂದ ಇಳಿದಾಗ ಸುಮೇಧಾ ಮೊದಲು ನೋಡಿದ್ದು ಅವನ ತಲೆಯನ್ನು. ಹಣೆಯ ಮೇಲಿನ ಕೂದಲು ಚೆನ್ನಾಗಿಯೇ ಹಿಂದೆ ಸರಿದಿತ್ತು. ಅವಳಿಗೆ ಎಷ್ಟೋ ದಿನಗಳ ಮೇಲೆ ಹಿತವೆನಿಸಿತು.

"ಚೆನ್ನಾಗಿದೀಯಾ, ಸುಮೇಧಾ?"

"ಚೆನ್ನಾಗಿದೀನಿ. ನೀವು?"

ಆ 'ನೀವು' ಅನ್ನು ಅವಳು ಬೆಳಗಿನಿಂದ ಮಸೆದು ಇಟ್ಟುಕೊಂಡಿದ್ದಳು. ತಾಕಬೇಕಾದ ಕಡೆ ತಾಕಿತು. ಅವನು ಒಂದು ಗಳಿಗೆ ಅವಳ ಮುಖ ನೋಡಿ, ಕಣ್ಣು ತಗ್ಗಿಸಿ, ಕೈಯಲ್ಲಿದ್ದ ಪೆಟ್ಟಿಗೆಯನ್ನು ಮುಂದೆ ಹಿಡಿದ.

ಅದರಲ್ಲಿದ್ದದ್ದು ಸಪ್ರೆಸರ್, ಬಂದೂಕಿನ ತುದಿಗೆ ತಿರುಗಿಸಿ ಕೂರಿಸಿದರೆ ಸದ್ದು ತಗ್ಗಿಸುವ ಲೋಹದ ಕೊಳವೆ. ಟೆಕ್ಸಸ್‌ನಲ್ಲಿ ಇದನ್ನು ಮಾಡುವ ಕಂಪನಿಗಳು ಹಲವು, ನಮ್ಮದೇ ಎಲ್ಲಕ್ಕಿಂತ ಮೆಲ್ಲಗೆ ಎನ್ನದ ಕಂಪನಿ ಒಂದೂ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಆದ್ದರಿಂದ ಯಾರ ಹಂಗೂ ಇಲ್ಲದವರೊಬ್ಬರು ಎಲ್ಲವನ್ನೂ ಒಂದೇ ಬಂದೂಕಿಗೆ ಹಾಕಿ, ಒಂದೇ ಮೈಕಿನ ಮುಂದೆ ಅಳೆದು ಹೇಳಬೇಕು. ಆಸ್ಟಿನ್ ಆಚೆ, ಟೇಲರ್ ಎಂಬ ಊರಿನ ಹೊರಗಿನ ಬಯಲಿನಲ್ಲಿ ಸುಮೇಧಾ ಮಾಡುವ ಕೆಲಸ ಅದು.

ಎರಡು ವರ್ಷದ ಹಿಂದೆ ಅವಳ ಲ್ಯಾಬ್ ಹ್ಯೂಸ್ಟನ್‌ನಲ್ಲಿತ್ತು. ಹೆಸರೂ ಇತ್ತು, ಧ್ರುವನೂ ಇದ್ದ. ಊರಿಗೆ ಅಂಟಿಕೊಂಡ ಮಿಸೌರಿ ಸಿಟಿಯಲ್ಲಿ ಅವಳ ಸೋದರತ್ತೆ ವಸುಧಾ ಅತ್ತೆಯ ಮನೆಗೆ ಅವನು ಬರುತ್ತಾನೆಂದರೆ ಬಿಸಿಬೇಳೆಬಾತ್ ತಯಾರಿರುತ್ತಿತ್ತು. ಅತ್ತೆ ನಿಶ್ಚಿತಾರ್ಥಕ್ಕೆ ದಿನವನ್ನೂ ನೋಡಿಸಿದ್ದರು.

ಅಷ್ಟರಲ್ಲಿ ಡಾಲಸ್‌ನಲ್ಲಿ ವರ್ಷಕ್ಕೊಮ್ಮೆ ಸೇರುವ ತಯಾರಕರ ಸಭೆ ಬಂತು. ಸುಮೇಧಾ ವೇದಿಕೆ ಹತ್ತಿ ತನ್ನ ಅಂಕಿಗಳನ್ನು ತೋರಿಸಿದಳು. ಧ್ರುವ ಕೆಲಸ ಮಾಡುವ ಕಂಪನಿಯ ಕೊಳವೆಯ ಸದ್ದೇ ಎಲ್ಲಕ್ಕಿಂತ ಜೋರು, ಪಟ್ಟಿಯಲ್ಲಿ ಅದು ಎಲ್ಲಕ್ಕಿಂತ ಕೆಳಗಿತ್ತು. ತುಂಬಿದ ಸಭೆಯಲ್ಲಿ ಧ್ರುವ ಎದ್ದು ನಿಂತು, ಮೈಕ್ ಇಟ್ಟ ಜಾಗವೇ ತಪ್ಪು, ಈ ಅಂಕಿಗಳನ್ನು ನಂಬಬೇಡಿ ಎಂದ.

ಕೈ ಹಿಡಿಯಬೇಕಾದವನೇ ಹೀಗೆಂದ ಮೇಲೆ ಬೇರೆಯವರನ್ನು ಕೇಳಬೇಕೇ? ಹ್ಯೂಸ್ಟನ್ ಲ್ಯಾಬಿಗೆ ಬೀಗ ಬಿತ್ತು. ಅವನ ಫೋನನ್ನು ಅವಳು ಒಂದು ಸಲವೂ ಎತ್ತಲಿಲ್ಲ. ಟೇಲರ್‌ಗೆ ಬಂದು, ಹಲ್ಲು ಕಚ್ಚಿ ದುಡಿದು, ಮತ್ತೆ ಹೆಸರು ಗಳಿಸಿದಳು. ಈಗ ಅವಳು ಅಳೆಯದ ಮಾಲನ್ನು ಅಂಗಡಿಯವರು ಇಳಿಸಿಕೊಳ್ಳುವುದಿಲ್ಲ. ಹಾಗಾಗಿ ಅದೇ ಕಂಪನಿ ಹೊಸ ಕೊಳವೆ ಕೊಟ್ಟು ಅದೇ ಧ್ರುವನನ್ನು ಅವಳ ಬಾಗಿಲಿಗೆ ಕಳಿಸಿತ್ತು. ಮಾಡಿದ್ದುಣ್ಣೋ ಮಾರಾಯ.

ಉಣಬಡಿಸಲು ಸುಮೇಧಾ ಸಿದ್ಧವಾಗಿಯೇ ಇದ್ದಳು.

ಸಪ್ರೆಸರ್ ಹಾಕಿದ ಬಂದೂಕಿನ ಮೊದಲ ಗುಂಡು ಯಾವಾಗಲೂ ಜೋರು. ಕೊಳವೆಯ ಒಳಗೆ ನಿಂತ ಗಾಳಿ ಆ ಗುಂಡಿನ ಜೊತೆ ಹೊತ್ತಿಕೊಳ್ಳುತ್ತದೆ, ಎರಡನೆಯದರಿಂದ ಸದ್ದು ಇಳಿಯುತ್ತದೆ. ಅದಕ್ಕೇ ಅವಳು ಪ್ರತಿ ಸಲವೂ ಮೊದಲನೆಯದನ್ನು ಬೇರೆ ಇಟ್ಟು ಉಳಿದವುಗಳ ಸರಾಸರಿ ತೆಗೆಯುತ್ತಿದ್ದಳು. ಆದರೆ ಪ್ರತಿ ಗುಂಡಿನ ಮೇಲೂ ಕೊಳವೆ ಬಿಚ್ಚಿ, ಗಾಳಿಯಾಡಿಸಿ, ಮತ್ತೆ ಹಾಕಿದರೆ? ಆಗ ಎಲ್ಲವೂ ಮೊದಲ ಗುಂಡೇ. ಮೈಕ್ ನೆಟ್ಟಗೇ ಇರುತ್ತದೆ, ಕಂಪನಿಯ ಮಾನ ಮಾತ್ರ ಹೋಗುತ್ತದೆ.

ಟ್ರಿಗರ್ ಒತ್ತುವವರು ಪ್ರತಾಪ್ ಅಂಕಲ್. ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕ್‌ನಲ್ಲಿ ರಿಟೈರ್ ಆಗಿ, ಮಗಳಿರುವ ಆಸ್ಟಿನ್‌ಗೆ ಶಿಫ್ಟ್ ಆದ ಧಾರವಾಡದ ಎಂಜಿನಿಯರ್. ಬೇರೆ ಕಂಪನಿಗಳ ಕೊಳವೆಗಳನ್ನು ಅವರು ಬೆಳಿಗ್ಗೆಯೇ ಎಂದಿನಂತೆ ಮುಗಿಸಿದ್ದರು.

ಧ್ರುವನ ಕೊಳವೆಯ ಮೊದಲ ಗುಂಡು ಹಾರಿತು. ಸುಮೇಧಾ ಗ್ಲೌಸ್ ಹಾಕಿಕೊಂಡು ಅದನ್ನು ಬಿಚ್ಚತೊಡಗಿದಳು.

"ಇದೇನವಾ, ಯಾಕ ಬಿಚ್ಚಾಕತ್ತಿ? ಮುಂಜಾನೆ ಹಿಂಗ ಮಾಡಿಲ್ಲಲ್ಲ."

"ಹೊಸ ಪದ್ಧತಿ, ಅಂಕಲ್."

ಹೇಳುತ್ತ ಅವಳು ಧ್ರುವನ ಕಡೆ ನೋಡಿದಳು. ಅವನು ಕಿವಿಗೆ ಇಯರ್‌ಮಫ್ ಹಾಕಿ ನಿಂತಿದ್ದ. ಅವನ ನೋಟ ಅವಳ ಕೈಯ ಕೊಳವೆಯ ಮೇಲೆ ನಿಂತಿತು, ಮೆಲ್ಲಗೆ ಅವಳ ಮುಖಕ್ಕೆ ಬಂತು. ಎಡಹುಬ್ಬು ಒಂದಿಷ್ಟೇ ಮೇಲೆದ್ದಿತು. ಅತ್ತೆ ಕೇಳದೆ ಇನ್ನೊಂದು ಸೌಟು ಬಡಿಸಿದಾಗ ಏಳುತ್ತಿದ್ದ ಹುಬ್ಬು ಅದು. ಅವನಿಗೆ ಎಲ್ಲ ಅರ್ಥವಾಯಿತೆಂದು ಅವಳಿಗೂ ಅರ್ಥವಾಯಿತು. ಈಗ ಕೂಗಾಡುತ್ತಾನೆ ಎಂದು ಕಾದಳು.

ಅವನು ಕೈಕಟ್ಟಿ ಸುಮ್ಮನೆ ನಿಂತ.

ಇನ್ನೊಮ್ಮೆ ಬಿಚ್ಚಿದಳು, ಮತ್ತೊಮ್ಮೆ ಬಿಚ್ಚಿದಳು. ಸ್ಕ್ರೀನಿನಲ್ಲಿ ಅವನ ಕೊಳವೆ ಎಲ್ಲರ ಹಿಂದೆ ಬಿದ್ದಿತ್ತು. ಹೊಟ್ಟೆ ತಣ್ಣಗಾಗಬೇಕಿತ್ತು, ಆಗಲಿಲ್ಲ. ಅವಳು ಇಯರ್‌ಮಫ್ ಕಿತ್ತು ಅವನ ಬಳಿ ಹೋದಳು.

"ಯಾಕೆ ಸುಮ್ನಿದೀರ? ನಾನೇನ್ ಮಾಡ್ತಿದೀನಿ ಗೊತ್ತಾಗ್ತಿಲ್ವಾ?"

"ಮೊದಲ್ನೇ ಸಲ ಬಿಚ್ಚಿದಾಗ್ಲೇ ಗೊತ್ತಾಯ್ತು."

"ಮತ್ತೆ?"

"ನಾನು ಊರೆಲ್ಲಾ ನೋಡ್ತಿರುವಾಗ ಮಾಡ್ದೆ. ನೀನು ಅಂಕಲ್ ಒಬ್ಬರ ಮುಂದೆ ಮಾಡ್ತಿದೀಯ. ಕಡಿಮೆನೇ ಆಯ್ತು. ಪಬ್ಲಿಷ್ ಮಾಡು."

ಅವನು ಬೇಡಿಕೊಂಡಿದ್ದರೆ ಅವಳು ಮಾಡಿಯೇ ಬಿಡುತ್ತಿದ್ದಳು. ಅವನು ಬೇಡಲಿಲ್ಲ, ಅವಳಿಗೆ ಯೋಚಿಸಲು ಬಿಡುವು ಸಿಕ್ಕಿತು. ಈ ಅಂಕಿ ಹೊರಬಿದ್ದ ದಿನ, ಸುಮೇಧಾಳ ಅಂಕಿಯನ್ನು ನಂಬಬಾರದು ಎಂಬ ಅವನ ಸುಳ್ಳು ನಿಜವಾಗಿಬಿಡುತ್ತದೆ. ಎರಡು ವರ್ಷ ಹಗೆ ಸಾಕಿ, ಕೊನೆಗೆ ಅವನನ್ನೇ ಗೆಲ್ಲಿಸಿದಂತೆ. ಸಿಟ್ಟಿನಿಂದ ಅವಳ ಕಣ್ಣಲ್ಲಿ ನೀರು ಬಂತು.

"ಅಂಕಲ್, ಇದಿಷ್ಟೂ ಡಿಲೀಟ್ ಮಾಡ್ತೀನಿ. ಮೊದಲಿಂದ ಶುರು ಮಾಡೋಣ."

"ಹೊಸಾ ಪದ್ಧತಿ ಇಷ್ಟ ಲಗೂ ಹಳೇದಾತೇನ?" ಎಂದರು ಅಂಕಲ್, ಮತ್ತೆ ಗುಂಡು ತುಂಬುತ್ತ.

ಈ ಸಲ ನ್ಯಾಯವಾಗಿ ಅಳೆದಳು. ಧ್ರುವನ ಕೊಳವೆ ಎರಡನೆಯ ಸ್ಥಾನಕ್ಕೆ ಬಂತು. ಅಂಕಲ್ ಕಾಫಿಗೆಂದು ಒಳಗೆ ಹೋದ ಮೇಲೆ ಅದನ್ನು ಅವನಿಗೆ ಹೇಳುವಾಗ ಅವಳ ಬಾಯಿ ಕಹಿಯಾಯಿತು.

"ಈಗ ನೀವು ಹೇಳಿ. ಆವತ್ತು ನನ್ನ ಮೈಕ್ ತಪ್ಪಿತ್ತಾ?"

"ಇಲ್ಲ. ಬಾಸ್ ಪಕ್ಕದಲ್ಲೇ ಕೂತಿದ್ದ, ಏಳು ಅಂದ. ಕೆಲಸ ಹೋಗುತ್ತೆ ಅಂತ ಹೆದರಿದೆ. ಆಮೇಲೆ ನಿನಗೆ ತಿಳಿಸಿ ಹೇಳಿದ್ರಾಯ್ತು ಅಂದ್ಕೊಂಡೆ. ಮನೆಯವಳೇ ಅಲ್ವಾ ಅಂತ."

"ಮನೆಯವಳು. ಹೊರಗಿನವಳಾಗಿದ್ರೆ ಮರ್ಯಾದೆ ಕೊಡ್ತಿದ್ರಿ."

ಬಯಲಿನ ಬಿಸಿಗಾಳಿಗೆ ಅವಳ ಕೂದಲು ಮುಖಕ್ಕೆ ಬಂತು. ಸರಿಸಲು ಅವನ ಕೈ ಅರ್ಧ ಮೇಲೆದ್ದು, ಅವಳ ಕಣ್ಣು ನೋಡಿ ಕೆಳಗಿಳಿಯಿತು.

"ನೀನಿಲ್ದೆ ಆಗ್ತಿಲ್ಲ, ಸುಮೇಧಾ."

"ಅದನ್ನ ನನ್ನ ಕಿವೀಲಿ ಹೇಳ್ಬೇಡಿ. ಮುಂದಿನ ತಿಂಗಳು ಡಾಲಸ್‌ನಲ್ಲಿ ಅದೇ ಸಭೆ ಇದೆ. ಸುಳ್ಳು ಹೇಳಿದ್ದು ಅಲ್ಲಿ, ನಿಜಾನೂ ಅಲ್ಲೇ ಹೇಳಿ."

"ಕೆಲಸ ಹೋಗುತ್ತೆ."

"ನಂದು ಹೋಗಿತ್ತು."

ಸಭೆಯ ದಿನ ಅವನು ಬರುತ್ತಾನೆಂದು ಅವಳು ನಂಬಿರಲಿಲ್ಲ. ಆದರೂ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಳು.

ಧ್ರುವ ವೇದಿಕೆ ಹತ್ತಿ ಇಂಗ್ಲಿಷಿನಲ್ಲಿ ಹೇಳಿದ. ಆ ವರ್ಷ ಸುಮೇಧಾರ ಅಂಕಿ ಸರಿಯಿತ್ತು, ಮೈಕ್ ಸರಿಯಿತ್ತು, ತಪ್ಪು ಹೇಳಿದ್ದು ನಾನು. ಹೇಳಿ ಇಳಿಯಲು ಹೊರಟ.

ಸುಮೇಧಾ ಎದ್ದು ನಿಂತಳು. ಒಂದು ಪ್ರಶ್ನೆಯಿದೆ ಎಂದಳು. ಹಾಗಾದರೆ ನಿಮ್ಮ ಕಂಪನಿಯವರು ಅದನ್ನು ತಾವೇ ಅಳೆದು ನೋಡಿರಲಿಲ್ಲವೇ?

ಸಭೆ ಅವನತ್ತ ತಿರುಗಿತು. ಅವನು ಅವಳನ್ನು ನೋಡಿದ. ಕರುಣೆ ಇದೆಯೇ ಎಂದು ಹುಡುಕಿದ. ಅವಳು ರೆಪ್ಪೆ ಬಡಿಯಲಿಲ್ಲ.

ನೋಡಿದ್ದೆವು, ಎಂದ ಧ್ರುವ. ನಾನೇ ಅಳೆದಿದ್ದೆ. ಅವರಿಗೆ ಬಂದ ಅಂಕಿಯೇ ನನಗೂ ಬಂದಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ.

ಅವನ ಬಾಸ್ ಕುರ್ಚಿ ಸರಿಸಿ ಹೊರಗೆ ನಡೆದ. ಹಿಂದೆ ಅವಳ ಫೋನನ್ನೂ ಎತ್ತದವರು ಬಂದು ಅವಳ ಕೈ ಕುಲುಕಿದರು. ಸುಮೇಧಾಗೆ ತುಂಬ ಸಂತೋಷವಾಯಿತು. ಅದನ್ನು ಮುಚ್ಚಿಡುವ ಗೋಜಿಗೆ ಅವಳು ಹೋಗಲಿಲ್ಲ.

ಸಂಜೆ ಪಾರ್ಕಿಂಗ್ ಲಾಟ್‌ನಲ್ಲಿ ಧ್ರುವ ಒಬ್ಬನೇ ನಿಂತಿದ್ದ. ಕಂಪನಿಯ ಕಾರಿನ ಕೀ, ಐಡಿ ಕಾರ್ಡು ಎರಡನ್ನೂ ಒಳಗೇ ಕೊಟ್ಟು ಬಂದಿದ್ದ. ಸುಮೇಧಾ ತನ್ನ ಕಾರನ್ನು ಅವನ ಪಕ್ಕ ತಂದು ಗಾಜು ಇಳಿಸಿದಳು.

"ಹೊಟ್ಟೆ ತಣ್ಣಗಾಯ್ತಾ?" ಎಂದು ಕೇಳಿದ.

"ಅರ್ಧ."

"ಇನ್ನರ್ಧ?"

"ಬೈಯೋದಿದೆ. ನಿನ್ನ ಫೋನ್ ಎತ್ತಿದ್ದಿದ್ರೆ ಆಗ್ಲೇ ಬೈದು ಮುಗಿಸ್ತಿದ್ದೆ, ಎಲ್ಲಾ ಒಳಗೇ ನಿಂತಿದೆ. ಟೇಲರ್‌ವರೆಗೆ ಮೂರು ಗಂಟೆ ದಾರಿ. ಹತ್ತು."

ಅವನ ಎಡಹುಬ್ಬು ಮೇಲೆದ್ದಿತು. "ಟೇಲರ್ ಬಂದ್ರೂ ಮುಗೀದಿದ್ರೆ?"

"ಹ್ಯೂಸ್ಟನ್‌ಗೆ ಹೋಗೋದು. ವಸುಧಾ ಅತ್ತೆ ಬೈಯೋದೂ ಬಾಕಿ ಇದೆ. ಅವರು ಬೈದು ಮುಗಿಸಿದ್ಮೇಲೆ ದಿನ ನೋಡಿಸ್ತಾರೋ ಇಲ್ವೋ, ನಿನ್ನ ಅದೃಷ್ಟ."

ಧ್ರುವ ಹತ್ತಿ ಕೂತ. ಬಾಗಿಲು ಮುಚ್ಚುವುದರೊಳಗೆ ಅವಳು ಶುರುಮಾಡಿದಳು. ಮೊದಲನೆಯ ಬೈಗುಳ ಕಿವಿ ಗುಂಯ್ ಎನ್ನುವಷ್ಟು ಜೋರಾಗಿತ್ತು. ಮೊದಲನೆಯದು ಯಾವಾಗಲೂ ಹಾಗೆಯೇ ಎಂದು ಬಲ್ಲ ಧ್ರುವ, ಎರಡನೆಯದಕ್ಕೆ ಕಾಯುತ್ತ ಸೀಟ್ ಬೆಲ್ಟ್ ಹಾಕಿಕೊಂಡ.