ಕಪ್ಪು ಪರದೆಯಲ್ಲಿ ಅಕ್ಕನ ಹೆಸರು

ಯಾರು ನಂಬಲಿ, ಬಿಡಲಿ, ನಾನು ಕಂಡದ್ದು ಕಂಡದ್ದೇ. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ರೋಗಿಗಳ ಪಟ್ಟಿ ಇರುವುದು ಕಪ್ಪು ಪರದೆಯ ಹಳೇ ಪ್ರೋಗ್ರಾಮಿನಲ್ಲಿ. ಅದನ್ನು ತೆರೆಯುವ ಮುನ್ನ, ಕನ್ನಡ ಅಕ್ಷರ ಸರಿಯಾಗಿ ಮೂಡುವಂತೆ ಎನ್‌ಕೋಡಿಂಗ್ ಬದಲಿಸುವ ಆಜ್ಞೆಯೊಂದನ್ನು ಟೈಪು ಮಾಡಬೇಕು. ಮರೆತರೆ ಕನ್ನಡದ ಹೆಸರುಗಳೆಲ್ಲ ಬರೀ ಪ್ರಶ್ನೆಚಿಹ್ನೆಗಳಾಗುತ್ತವೆ. ಅಂದು ಬೆಳಿಗ್ಗೆ ಕೊಟ್ಟಿಗೆಯ ಅಟ್ಟದಿಂದ ಬಿದ್ದ ಅಕ್ಕನನ್ನು ತಂದು ಆಪರೇಷನ್ನಿಗೆ ಕಳಿಸಿದ್ದೆ. "ಉಳಿಯೋದು ಕಷ್ಟ" ಅಂದಿದ್ದರು ಡಾಕ್ಟರು. ಕೈ ಸುಮ್ಮನಿರಲಾರದೆ ಪಟ್ಟಿ ತೆರೆದೆ. ಆಜ್ಞೆ ಕೊಡುವುದು ಮರೆತೇಹೋಗಿತ್ತು.

ಸಾಲುಸಾಲು ಪ್ರಶ್ನೆಚಿಹ್ನೆಗಳ ನಡುವೆ ಒಂದೇ ಒಂದು ಸಾಲು ಸ್ಪಷ್ಟವಾಗಿ ಕಂಡಿತು. ಅದು ಅಕ್ಕನ ಹೆಸರು. ಸುಡುಬಿಸಿಲಿನ ಆ ಮಧ್ಯಾಹ್ನ ಕೀಲಿಮಣೆ ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಹೆಸರಿನ ಪಕ್ಕದ ಕರ್ಸರ್ ಎಂದಿನಂತೆ ಮಿಟುಕದೆ, ಯಾರೋ ಉಸಿರಾಡುವ ಹಾಗೆ ಮೆಲ್ಲಗೆ ಬೆಳಗಿ ಆರುತ್ತಿತ್ತು. ರೆಪ್ಪೆ ಹೊಡೆಯದೆ ಅದನ್ನೇ ನೋಡುತ್ತ ಕೂತೆ.

ಬಾಗಿಲು ದಡಾರನೆ ತೆರೆದು ಹಿರಿಯ ನರ್ಸಕ್ಕ ಬಂದರು.

"ಏಯ್ ಪುಕ್ಕಲ, ನಿಮ್ಮಕ್ಕ ಕಣ್ಣು ಬಿಟ್ಲು ಕಣೋ! ಎಮ್ಮೆಗೆ ಹುಲ್ಲು ಹಾಕಿದ್ನಾ ಅವನು ಅಂತ ಬೈತಿದಾಳೆ."

ಹೋದ ಜೀವ ಬಂದಂತಾಯಿತು. ಅಳುತ್ತಲೇ ನಕ್ಕುಬಿಟ್ಟೆ.

ನರ್ಸಕ್ಕ ಜೇಬಿನಿಂದ ಮಡಿಸಿದ ದಾಖಲಾತಿ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಗಡಿಬಿಡೀಲಿ ಇದು ನನ್ನ ಹತ್ರಾನೇ ಉಳ್ಕೊಂಡ್ಬಿಡ್ತು. ಅವಳ ಹೆಸರು ಇನ್ನೂ ಕಂಪ್ಯೂಟರಿಗೆ ಏರಿಸಿಲ್ಲ, ಈಗ ಏರಿಸ್ಬಿಡಪ್ಪ."